ನಮ್ಮ ನೀರಿಗೆ, ನಮ್ಮ ಪೈಪಿಗೆ ಯಾವ ಕಮೋಡ್ ಸರಿ?

ಕಮೋಡ್ ತರೋಕೆ ಅಂಗಡಿಗೆ ಹೋದವರು ಸಾಮಾನ್ಯವಾಗಿ ಎರಡೇ ಪ್ರಶ್ನೆ ಕೇಳುತ್ತಾರೆ. ಯಾವ ಕಂಪನಿ ಒಳ್ಳೆಯದು? ರೇಟ್ ಎಷ್ಟು? ಹಿಂಡ್‌ವೇರ್, ಪ್ಯಾರಿವೇರ್, ಸೆರಾ, ಜಾಕ್ವಾರ್, ಕೋಹ್ಲರ್ ಹೀಗೆ ಹೆಸರುಗಳು ಬೇಕಾದಷ್ಟಿವೆ. ಒಂದೇ ಕಂಪನಿಯಲ್ಲಿ ಹತ್ತಾರು ನಮೂನೆ ಇರುತ್ತವೆ. ಹಾಗಾಗಿ ಕಂಪನಿಯಿಂದ ಶುರು ಮಾಡಿದರೆ ತಲೆ ಕೆಡುತ್ತದೆಯೇ ಹೊರತು ಕೆಲಸ ಮುಗಿಯುವುದಿಲ್ಲ.

ಬಳ್ಳಾರಿ, ರಾಯಚೂರು, ಕೊಪ್ಪಳದ ಕಡೆ ಮನೆ ಇದ್ದರೆ ಮೊದಲು ಬೇರೆ ನಾಲ್ಕು ವಿಷಯ ನೋಡಬೇಕು. ಮನೆಗೆ ಬರುವ ನೀರು ಎಷ್ಟು, ಎಂಥದ್ದು. ಮನೆಯಲ್ಲಿ ಯಾರ ಮೊಣಕಾಲು ನೋಯುತ್ತದೆ. ನೆಲದಲ್ಲಿ ಪೈಪು ಎಲ್ಲಿದೆ. ಹೊಲಸು ಕೊನೆಗೆ ಎಲ್ಲಿಗೆ ಹೋಗುತ್ತದೆ. ಇವಕ್ಕೆ ಉತ್ತರ ಬರೆದುಕೊಂಡು ಹೋದರೆ ಅಂಗಡಿಯಲ್ಲಿ ಆರಿಸೋದಕ್ಕೆ ಉಳಿಯೋದು ಮೂರೋ ನಾಲ್ಕೋ. ಬಣ್ಣ, ಆಕಾರ, ಹೊಳಪು ಎಲ್ಲ ಆಮೇಲೆ.

ಇಂಡಿಯನ್ ಬೇಕಾ, ವೆಸ್ಟರ್ನ್ ಬೇಕಾ?

ಇಂಡಿಯನ್ ಪ್ಯಾನ್‌ನಲ್ಲಿ ಕೆಡುವಂಥ ಭಾಗವೇ ಇಲ್ಲ. ಫ್ಲಶ್ ಟ್ಯಾಂಕ್ ಇರದಿದ್ದರೂ ಬಕೆಟ್ ನೀರಿನಲ್ಲಿ ನಡೆಯುತ್ತದೆ. ಜಾತ್ರೆ, ಮದುವೆ ಅಂತ ಮನೆ ತುಂಬ ಜನ ಬಂದರೂ ಪೊರಕೆ ಹಾಕಿ ತೊಳೆದುಬಿಡಬಹುದು. ಸೀಟಿಗೆ ಮೈ ತಾಗುವುದಿಲ್ಲ ಅನ್ನುವುದೂ ಹಲವರಿಗೆ ದೊಡ್ಡ ಸಮಾಧಾನ. ಕುಕ್ಕರುಗಾಲಲ್ಲಿ ಕೂತಾಗ ದೊಡ್ಡ ಕರುಳಿನ ಕೊನೆಯ ಬಾಗು ನೇರವಾಗುತ್ತದೆ, ಹೆಚ್ಚು ತಿಣುಕಬೇಕಾಗಿಲ್ಲ. ಖರ್ಚೂ ಎಲ್ಲಕ್ಕಿಂತ ಕಡಿಮೆ.

ಆದರೆ ಈ ಎಲ್ಲ ಲಾಭ ಮೊಣಕಾಲು ಗಟ್ಟಿ ಇರೋವರೆಗೆ ಮಾತ್ರ. ನಮ್ಮ ಕಡೆಯ ಹೆಣ್ಣುಮಕ್ಕಳು ಭತ್ತದ ಗದ್ದೆಯಲ್ಲಿ ನಾಟಿ ಹಚ್ಚಿ, ಹತ್ತಿ ಬಿಡಿಸಿ, ಮೆಣಸಿನಕಾಯಿ ಹರಿದು ದುಡಿದವರು. ‘ಕುಂತ್ರ ಏಳಾಕ ಬರವಲ್ದು’ ಅಂತ ಅವ್ವ ಹೇಳಿದರೆ ಅದನ್ನು ಸುಮ್ನೆ ಗೊಣಗಾಟ ಅಂತ ತಳ್ಳಿಹಾಕಬೇಡಿ. ಬಕೆಟ್ಟಿನ ಅಂಚು ಹಿಡಿದು, ನಲ್ಲಿ ಹಿಡಿದು ಏಳೋರು ಹಸಿ ನೆಲದಲ್ಲಿ ಜಾರಿ ಬಿದ್ದರೆ ಸೊಂಟದ ಮೂಳೆಗೇ ಪೆಟ್ಟು. ಆ ವಯಸ್ಸಿನಲ್ಲಿ ಅದು ಕೂಡುವುದು ಬಹಳ ಕಷ್ಟ. ಇನ್ನೂ ಒಂದು ಸಂಗತಿ ಇದೆ. ಕೂರೋಕೆ ಕಷ್ಟ ಅಂತ ಎಷ್ಟೋ ಹಿರಿಯರು ನೀರು ಕುಡಿಯೋದನ್ನೇ ಕಡಿಮೆ ಮಾಡುತ್ತಾರೆ, ಊಟ ಬಿಡುತ್ತಾರೆ. ಬಾಯಿ ಬಿಟ್ಟು ಹೇಳುವುದಿಲ್ಲ.

ನನ್ನ ಮಾತು ಇಷ್ಟು: ಮನೆಯಲ್ಲಿ ಎರಡು ಪಾಯಖಾನೆ ಇದ್ದರೆ ಒಂದು ಇಂಡಿಯನ್, ಒಂದು ವೆಸ್ಟರ್ನ್ ಇರಲಿ. ಹಿರಿಯರು ಮಲಗುವ ಕೋಣೆಗೆ ಹತ್ತಿರ ಇರೋದು ವೆಸ್ಟರ್ನ್ ಆಗಲಿ. ಒಂದೇ ಇದ್ದು, ಮನೆಯಲ್ಲಿ ಅರವತ್ತು ದಾಟಿದವರಿದ್ದರೆ ಯೋಚನೆ ಬೇಡ, ವೆಸ್ಟರ್ನ್ ಹಾಕಿಸಿ. ಕುಕ್ಕರುಗಾಲಿನ ಅಭ್ಯಾಸ ಇದ್ದವರಿಗೆ ಕಾಲಿನ ಕೆಳಗೆ ಒಂದು ಗಿಡ್ಡ ಸ್ಟೂಲ್ ಇಟ್ಟುಕೊಟ್ಟರೆ ಮಂಡಿ ಮೇಲೆ ಬಂದು ಅರ್ಧ ಸಮಾಧಾನ ಸಿಗುತ್ತದೆ.

ಎರಡೂ ಬೇಕು ಅಂತ ಆ್ಯಂಗ್ಲೋ ಇಂಡಿಯನ್ ಕಡೆ ಹೋಗೋರಿದ್ದಾರೆ. ಅಂಚಿನಲ್ಲಿ ಪಾದ ಇಡೋ ಜಾಗ ಇರೋ ಕಮೋಡ್ ಅದು. ನನಗೆ ಅದು ಹಿಡಿಸುವುದಿಲ್ಲ. ಒದ್ದೆ ಪಿಂಗಾಣಿ ಮೇಲೆ, ಒಂದೂಕಾಲು ಅಡಿ ಎತ್ತರದಲ್ಲಿ ಕುಕ್ಕರುಗಾಲಲ್ಲಿ ಕೂರೋದು ಯಾರಿಗೂ ಕ್ಷೇಮ ಅಲ್ಲ. ಸಾದಾ ವೆಸ್ಟರ್ನ್ ಕಮೋಡಿನ ಮೇಲೆ ಹತ್ತಿ ಕೂರೋದಂತೂ ಇನ್ನೂ ಅಪಾಯ. ಪಿಂಗಾಣಿ ಒಡೆದರೆ ಚೂರಿಯಂತೆ ಆಳವಾಗಿ ಕೊಯ್ಯುತ್ತದೆ. ಮನೆಗೆ ಬರುವ ನೆಂಟರ ಮಕ್ಕಳಿಗೂ ಇದನ್ನು ಹೇಳಿ.

ಎತ್ತರದ ವಿಷಯ ಅಂಗಡಿಯವರು ಹೇಳೋದು ಕಡಿಮೆ. ಸಾಮಾನ್ಯ ಕಮೋಡ್ ನೆಲದಿಂದ 15-16 ಇಂಚು ಇರುತ್ತದೆ. ಹಿರಿಯರಿಗೆಂದೇ 17-18 ಇಂಚಿನವೂ ಸಿಗುತ್ತವೆ. ಯಾವುದು ಬೇಕು ಅಂತ ತಿಳಿಯೋಕೆ ಮನೆಯಲ್ಲೇ ದಾರಿ ಇದೆ. ಅಜ್ಜಿ ಯಾರ ಕೈ ಹಿಡಿಯದೆ ಯಾವ ಕುರ್ಚಿಯಿಂದ ಏಳುತ್ತಾರೋ ಅದರ ಎತ್ತರ ಟೇಪಿನಲ್ಲಿ ಅಳೆಯಿರಿ. ಕಮೋಡ್, ಸೀಟ್ ಸೇರಿ ಅಷ್ಟು ಬಂದರೆ ಸರಿ. ಎಲ್ಲರೂ ಗಿಡ್ಡ ಇರೋ ಮನೆಯಲ್ಲಿ ಜಾಸ್ತಿ ಎತ್ತರದ್ದು ಬೇಡ, ಕಾಲು ನೆಲಕ್ಕೆ ತಾಗದೆ ತೊಡೆ ಜೋಮು ಹಿಡಿಯುತ್ತದೆ. ಪಕ್ಕದ ಗೋಡೆಗೆ ಒಂದು ಸ್ಟೀಲ್ ಹಿಡಿಕೆ ಮಾತ್ರ ಮರೆಯದೆ ಹಾಕಿಸಿ.

ಪೈಪು ಎಲ್ಲಿದೆ ಅಂತ ಅಳೆಯದೆ ಅಂಗಡಿಗೆ ಹೋಗಬೇಡಿ

ಕಮೋಡ್ ಮನೆಗೆ ಬಂದ ಮೇಲೆ ಕೂರದೆ ವಾಪಸ್ ಹೋಗೋದು ಹೆಚ್ಚಾಗಿ ಇದೊಂದೇ ಕಾರಣಕ್ಕೆ. ಹೊಲಸು ಹೊರಗೆ ಹೋಗುವ ಬಾಯಿ ಎರಡು ತರಹ ಇರುತ್ತದೆ. ಎಸ್-ಟ್ರ್ಯಾಪ್ ಅಂದರೆ ಬಾಯಿ ಕೆಳಮುಖ, ನೆಲದೊಳಗಿನ ಪೈಪಿಗೆ ಕೂರುತ್ತದೆ. ಪಿ-ಟ್ರ್ಯಾಪ್ ಅಂದರೆ ಬಾಯಿ ಹಿಂದಕ್ಕೆ, ಗೋಡೆಯೊಳಗಿನ ಪೈಪಿಗೆ ಕೂರುತ್ತದೆ. ನಿಮ್ಮ ಪೈಪು ನೆಲದಲ್ಲಿದ್ದರೆ ಎಸ್, ಗೋಡೆಯಲ್ಲಿದ್ದರೆ ಪಿ.

ಎಸ್-ಟ್ರ್ಯಾಪ್ ಆದರೆ ಇನ್ನೊಂದು ಅಳತೆ ಬೇಕು. ಹಿಂದಿನ ಗೋಡೆಯಿಂದ ನೆಲದ ಪೈಪಿನ ನಟ್ಟನಡುವಿಗೆ ಎಷ್ಟು ಇಂಚು? ನಮ್ಮಲ್ಲಿ ಹೆಚ್ಚಾಗಿ ಸಿಗುವವು 4, 9 ಮತ್ತು 12 ಇಂಚಿನ ಅಳತೆಯವು. ಟೇಪು ಹಿಡಿಯೋದು ಟೈಲ್ಸ್ ಮೇಲಿನಿಂದ, ಬರೀ ಇಟ್ಟಿಗೆ ಗೋಡೆಯಿಂದ ಅಲ್ಲ. ಮನೆ ಇನ್ನೂ ಕಟ್ಟುತ್ತಿದ್ದು ಗಿಲಾವು ಆಗಿರದಿದ್ದರೆ ಗಿಲಾವು, ಗಾರೆ, ಟೈಲ್ಸ್ ಸೇರಿ ಒಂದೂವರೆ ಇಂಚಿನ ಆಸುಪಾಸು ತಿನ್ನುತ್ತವೆ ಅಂತ ಲೆಕ್ಕದಲ್ಲಿ ಕಳೆಯಿರಿ. ಗೌಂಡಿ ಮತ್ತು ಪ್ಲಂಬರ್ ಇಬ್ಬರನ್ನೂ ಒಟ್ಟಿಗೆ ನಿಲ್ಲಿಸಿ ಈ ಅಳತೆ ಹಿಡಿಸೋದು ಒಳ್ಳೆಯದು. ಒಬ್ಬರು ಇಟ್ಟಿಗೆಯಿಂದ, ಇನ್ನೊಬ್ಬರು ಟೈಲ್ಸಿನಿಂದ ಅಳೆದರೆ ಗೊಂದಲ ಆಗೋದೇ ಆಮೇಲೆ.

ಪೈಪು 9 ಇಂಚಿನಲ್ಲಿದ್ದು 12 ಇಂಚಿನ ಕಮೋಡ್ ತಂದರೆ ಗೋಡೆಗೆ ಬಡಿದು ಕೂರುವುದೇ ಇಲ್ಲ. 12ರ ಪೈಪಿಗೆ 9ರದ್ದು ತಂದರೆ ಹಿಂದೆ ಮೂರು ಇಂಚು ಸಂದಿ ಉಳಿದು ಕಸ, ಹಲ್ಲಿ ಎಲ್ಲ ಅಲ್ಲೇ. ಅಡ್ಡ ಎಳೆಯುವ ಕನೆಕ್ಟರ್ ಹಾಕಿ ಹೊಂದಿಸಬಹುದು ಅಂತ ಹೇಳೋರಿದ್ದಾರೆ. ಹೊಂದುತ್ತದೆ ನಿಜ, ಆದರೆ ದಾರಿ ಸೊಟ್ಟ ಆದಲ್ಲೇ ಕಟ್ಟಿಕೊಳ್ಳೋದು ಜಾಸ್ತಿ.

ಹಳೇ ಇಂಡಿಯನ್ ತೆಗೆದು ವೆಸ್ಟರ್ನ್ ಹಾಕಿಸೋರು ಇದನ್ನು ಗಮನಿಸಿ. ಇಂಡಿಯನ್ ಪ್ಯಾನಿನ ಕೆಳಗೆ ನೆಲದಲ್ಲಿ ಒಂದು ಬಾಗಿದ ಟ್ರ್ಯಾಪ್ ಹುಗಿದಿರುತ್ತದೆ. ಅದರಲ್ಲಿ ನಿಲ್ಲುವ ನೀರೇ ವಾಸನೆ ತಡೆಯೋದು. ವೆಸ್ಟರ್ನ್ ಕಮೋಡಿಗೆ ಆ ಬಾಗು ಅದರ ಹೊಟ್ಟೆಯಲ್ಲೇ ಇರುತ್ತದೆ. ಹಳೇ ಟ್ರ್ಯಾಪ್ ತೆಗೆಯದೆ ಮೇಲೆ ಕಮೋಡ್ ಕೂರಿಸಿದರೆ ಎರಡು ಬಾಗಿನ ನಡುವೆ ಗಾಳಿ ಸಿಕ್ಕಿಕೊಳ್ಳುತ್ತದೆ. ಎಷ್ಟು ಫ್ಲಶ್ ಮಾಡಿದರೂ ನೀರು ಗುಳುಗುಳು ಅಂತ ಮೇಲೇರಿ ನಿಧಾನಕ್ಕೆ ಇಳಿಯುತ್ತದೆ. ಒಡೆಯೋ ಖರ್ಚು ಉಳಿಸೋಕೆ ಅಂತ ಇದನ್ನು ಒಪ್ಪಬೇಡಿ. ಶಹಾಬಾದಿ ಪರಸಿ ಹಾಸಿದ ಹಳೇ ಮನೆಯಾದರೆ ಎರಡು ಪರಸಿ ಎಬ್ಬಿಸಿ ಮತ್ತೆ ಕೂರಿಸಿದರೆ ಮುಗೀತು. ಮಹಡಿ ಮೇಲಾದರೆ ಕೆಳಗಿನ ಕೋಣೆಯ ಛಾವಣಿ ಸೋರದಂತೆ ವಾಟರ್‌ಪ್ರೂಫಿಂಗ್ ಹೊಸದಾಗಿಯೇ ಆಗಬೇಕು.

ನೀರು: ಎಷ್ಟು ಮತ್ತು ಎಂಥದ್ದು

ತುಂಗಭದ್ರಾ ಪಕ್ಕದಲ್ಲೇ ಇದ್ದರೂ ನಲ್ಲಿ ನೀರು ದಿನಾ ಬರದ ಬಡಾವಣೆಗಳು ಈ ಮೂರೂ ಜಿಲ್ಲೆಯಲ್ಲಿವೆ. ಬೇಸಿಗೆಯಲ್ಲಿ ಕಾಲುವೆ ಬಂದ್ ಆದರೆ ಕಾಲುವೆ ನೀರನ್ನೇ ಕೆರೆಯಲ್ಲಿ ತುಂಬಿಸಿಕೊಳ್ಳುವ ಊರುಗಳಿಗೆ ಇನ್ನೂ ಬಿಗಿ. ಹಾಗಿರುವಾಗ ಒಂದು ಫ್ಲಶ್ಶಿಗೆ ಎಷ್ಟು ಲೀಟರ್ ಅನ್ನೋದು ಸಣ್ಣ ವಿಷಯ ಅಲ್ಲ.

ಹಳೇ ಟ್ಯಾಂಕ್ ಒಂದು ಸಲಕ್ಕೆ 10 ಲೀಟರ್ ಅಥವಾ ಇನ್ನೂ ಜಾಸ್ತಿ ಸುರಿಯುತ್ತದೆ. ಈಗಿನ ಎರಡು ಬಟನ್ನಿನ ಟ್ಯಾಂಕಿನಲ್ಲಿ ಸಣ್ಣದಕ್ಕೆ 3, ದೊಡ್ಡದಕ್ಕೆ 6 ಲೀಟರ್. 2 ಮತ್ತು 4 ಲೀಟರಿನವೂ ಇವೆ. ಐದು ಜನರ ಮನೆ, ಒಬ್ಬೊಬ್ಬರು ದಿನಕ್ಕೆ ಐದು ಸಲ ಅಂತ ಇಟ್ಟುಕೊಳ್ಳಿ. ಹಳೇ ಟ್ಯಾಂಕಿಗೆ 250 ಲೀಟರ್ ಬೇಕು. 3/6ರಲ್ಲಿ ಒಬ್ಬರಿಗೆ ಒಂದು ದೊಡ್ಡದು, ನಾಲ್ಕು ಸಣ್ಣದು ಸೇರಿ 18 ಲೀಟರ್, ಐವರಿಗೆ 90. ದಿನಕ್ಕೆ 160 ಲೀಟರ್ ಉಳಿತಾಯ. ಸಾವಿರ ಲೀಟರಿನ ಸಿಂಟೆಕ್ಸ್ ಇರೋ ಮನೆಯಲ್ಲಿ ಅದು ಒಂದು ಇಡೀ ದಿನದ ಅಡುಗೆ, ಪಾತ್ರೆ, ಸ್ನಾನಕ್ಕೆ ಹತ್ತಿರ ಹತ್ತಿರ.

ಹಾಗಂತ 2/4ಕ್ಕೆ ಕೂಡಲೇ ಜಿಗಿಯಬೇಡಿ. ಮನೆಯಿಂದ ಊರಿನ ಒಳಚರಂಡಿಯ (ಯುಜಿಡಿ) ಚೇಂಬರ್‌ಗೆ ಅಥವಾ ಸೆಪ್ಟಿಕ್ ಟ್ಯಾಂಕಿಗೆ ಪೈಪು ಉದ್ದ ಇದ್ದು ಇಳಿಜಾರು ಕಡಿಮೆ ಇದ್ದರೆ ಅಷ್ಟು ಕಡಿಮೆ ನೀರಿಗೆ ಗಟ್ಟಿ ಹೊಲಸು ನಡುದಾರಿಯಲ್ಲೇ ನಿಲ್ಲುತ್ತದೆ. ಹಳೇ ಪೈಪಿನ ಮನೆಗಳಿಗೆ 3/6 ಸರಿ.

ಫ್ಲಶ್ ಮಾಡಿದಾಗ ನೀರು ಹೊಲಸನ್ನು ಸಾಗಿಸುವ ರೀತಿಯೂ ಎರಡು. ವಾಶ್‌ಡೌನ್‌ನಲ್ಲಿ ನೀರು ಮೇಲಿನಿಂದ ಬಿದ್ದು ತಳ್ಳಿಕೊಂಡು ಹೋಗುತ್ತದೆ. ಸೈಫಾನಿಕ್‌ನಲ್ಲಿ ಒಳಗಿನ ಬಾಗಿದ ಕೊಳವೆ ತುಂಬಿ ಎಲ್ಲವನ್ನೂ ಎಳೆದುಕೊಳ್ಳುತ್ತದೆ. ಸೈಫಾನಿಕ್‌ನಲ್ಲಿ ನಿಂತ ನೀರಿನ ಅಗಲ ಜಾಸ್ತಿ, ಕಲೆ ಕಡಿಮೆ, ಸದ್ದೂ ಕಡಿಮೆ. ಆದರೆ ಅದಕ್ಕೆ ಸಾಮಾನ್ಯವಾಗಿ ನೀರು ಹೆಚ್ಚು ಬೇಕು, ಒಳದಾರಿ ಕಿರಿದು. ನೀರಿಲ್ಲದ ದಿನ ಬಕೆಟ್ ಹಿಡಿಯೋ ನಮ್ಮ ಊರುಗಳಿಗೆ ವಾಶ್‌ಡೌನ್ ವಾಸಿ. ಅರ್ಧ ಬಕೆಟ್ ನೀರನ್ನು ಒಂದೇ ಸಲ ಜೋರಾಗಿ ಸುರಿದರೆ ಸಾಫ್ ಆಗುತ್ತದೆ.

ಗೋಡೆಯಲ್ಲಿ ಒತ್ತುವ ಫ್ಲಶ್ ವಾಲ್ವ್ ಬಗ್ಗೆ ಒಂದು ಮಾತು. ಟ್ಯಾಂಕೇ ಇಲ್ಲದೆ ನೇರ ಪೈಪಿನಿಂದ ನುಗ್ಗುವ ಅದಕ್ಕೆ ಒತ್ತಡ ಬೇಕು. ಸಿಂಟೆಕ್ಸ್ 10 ಮೀಟರ್ ಮೇಲಿದ್ದರೆ ಸಿಗೋದು 1 ಬಾರ್ ಒತ್ತಡ. ನೆಲಮನೆಯ ಮಾಳಿಗೆ ಮೇಲೆ ಟ್ಯಾಂಕ್ ಇಟ್ಟರೆ ಮೂರು ಮೀಟರ್ ಸಿಕ್ಕರೆ ಹೆಚ್ಚು. ಆ ಒತ್ತಡಕ್ಕೆ ವಾಲ್ವ್ ಸರಿಯಾಗಿ ಕೆಲಸ ಮಾಡದು. ಒಂದಂತಸ್ತಿನ ಮನೆಗೆ ಟ್ಯಾಂಕ್ ಇರುವ ಕಮೋಡೇ ಆಗಬೇಕು. ಟ್ಯಾಂಕ್ ಆದರೆ ಒತ್ತಡ ಕಡಿಮೆ ಇದ್ದರೂ ನಿಧಾನಕ್ಕೆ ತುಂಬಿಕೊಳ್ಳುತ್ತದೆ, ಅಷ್ಟೇ.

ಇನ್ನು ನೀರಿನ ಗುಣ. ಹೊಳೆ ನೀರು ಬರೋ ಮನೆಯವರು ಪುಣ್ಯವಂತರು. ಬೋರಿನ ಸವಳು ನೀರೇ ಗತಿ ಅನ್ನೋರಿಗೆ ಕಮೋಡಿನ ನಿಜವಾದ ಶತ್ರು ಅದೇ. ಕುಡಿಯುವ ನೀರಿನ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು, ಬೇರೆ ದಾರಿ ಇಲ್ಲದಿದ್ದರೆ 600ರವರೆಗೆ ಅಂತ ಭಾರತೀಯ ಮಾನಕ ಹೇಳುತ್ತದೆ. ನಿಮ್ಮ ನೀರು ಹೇಗಿದೆ ಅಂತ ಹಂಡೆಯ ಒಳಗೆ ನೋಡಿದರೇ ಗೊತ್ತಾಗುತ್ತದೆ. ಬಿಳಿ ಗಾರು ದಪ್ಪ ಕಟ್ಟಿದ್ದರೆ ಅದೇ ಗಾರು ಫ್ಲಶ್ ಟ್ಯಾಂಕಿನಲ್ಲೂ ಕಟ್ಟುತ್ತದೆ.

ಆ ಟ್ಯಾಂಕಿನ ಮುಚ್ಚಳ ಒಮ್ಮೆ ಎತ್ತಿ ನೋಡಿ. ನೀರು ಒಳಗೆ ಬರೋ ಕಡೆ ಕಡ್ಡಿಪೆಟ್ಟಿಗೆಗಿಂತ ಸಣ್ಣ ಜಾಲರಿ ಇರುತ್ತದೆ. ಬಿಳಿ ಪುಡಿ ಸಿಕ್ಕಿ ಅದು ಮುಚ್ಚಿದರೆ ಟ್ಯಾಂಕ್ ತುಂಬೋಕೆ ಹೊತ್ತು ಹಿಡಿಯುತ್ತದೆ. ತಳದಲ್ಲಿ ನೀರು ಬಿಡೋ ಜಾಗದ ರಬ್ಬರ್ ವಾಶರ್ ಅಂಚಿಗೆ ಗಾರು ಹತ್ತಿದರೆ ಅದು ಪೂರ್ತಿ ಕೂರುವುದಿಲ್ಲ. ಆಗ ಕಮೋಡಿನೊಳಗೆ ಸದಾ ನೂಲಿನಷ್ಟು ನೀರು ಇಳಿಯುತ್ತಿರುತ್ತದೆ. ಕಣ್ಣಿಗೂ ಕಾಣದು, ಸದ್ದೂ ಇಲ್ಲ, ಸಿಂಟೆಕ್ಸ್ ಮಾತ್ರ ರಾತ್ರಿ ಕಳೆದು ಬೆಳಗಾಗೋದರೊಳಗೆ ಇಳಿದಿರುತ್ತದೆ. ಇದನ್ನು ಹಿಡಿಯೋಕೆ ಬಟ್ಟೆಗೆ ಹಾಕುವ ನೀಲಿ ನಾಲ್ಕು ಹನಿ ಟ್ಯಾಂಕಿಗೆ ಬಿಡಿ. ಅರ್ಧ ಗಂಟೆ ಯಾರೂ ಫ್ಲಶ್ ಮಾಡಬಾರದು. ಕಮೋಡಿನ ನೀರು ನೀಲಿಯಾದರೆ ವಾಶರ್ ಸೋರುತ್ತಿದೆ ಅಂತ ಅರ್ಥ.

ಅದಕ್ಕೇ ಬೋರಿನ ನೀರಿನ ಮನೆಗೆ ಕಮೋಡ್ ಕೊಳ್ಳುವಾಗ ನಾನು ಪಿಂಗಾಣಿಗಿಂತ ಒಳಗಿನ ಫಿಟ್ಟಿಂಗ್ ಬಗ್ಗೆ ಜಾಸ್ತಿ ಕೇಳಿ ಅನ್ನುತ್ತೇನೆ. ವಾಶರ್, ವಾಲ್ವ್ ನಿಮ್ಮ ತಾಲ್ಲೂಕಿನಲ್ಲೇ ಸಿಗುತ್ತದಾ? ಸಿಂಧನೂರಿನಲ್ಲೋ ಗಂಗಾವತಿಯಲ್ಲೋ ಕೈಗೆ ಸಿಗೋ ವಸ್ತು ಬೇಕು. ಬೆಂಗಳೂರಿನಿಂದ ತರಿಸಬೇಕು ಅಂದರೆ ಆ ಮಾಡೆಲ್ ಬೇಡ. ಕಪ್ಪು, ಬೂದು ಬಣ್ಣದವೂ ಬೇಡ. ಸವಳು ನೀರಿನ ಬಿಳಿ ಗೆರೆ ಅವುಗಳ ಮೇಲೆ ಎದ್ದು ಕಾಣುತ್ತದೆ, ಎಷ್ಟು ತಿಕ್ಕಿದರೂ ಹೊಸದರ ಥರ ಆಗದು.

ಗಾರು ತೆಗೆಯೋಕೆ ಹಲವರು ಆ್ಯಸಿಡ್ ಸುರಿಯುತ್ತಾರೆ. ಗಾರು ಹೋಗೋದು ನಿಜ, ಜೊತೆಗೆ ಟೈಲ್ಸಿನ ಸಂದಿಯ ಸಿಮೆಂಟೂ ಹೋಗುತ್ತದೆ, ನಲ್ಲಿಯ ಹೊಳಪೂ ಹೋಗುತ್ತದೆ. ಆ್ಯಸಿಡ್ ಜೊತೆ ಬ್ಲೀಚಿಂಗ್ ಪುಡಿ ಯಾವತ್ತೂ ಸೇರಿಸಬೇಡಿ, ಹುಟ್ಟುವ ಕ್ಲೋರಿನ್ ಗಾಳಿ ಮುಚ್ಚಿದ ಬಚ್ಚಲಲ್ಲಿ ಪ್ರಾಣಕ್ಕೇ ಕುತ್ತು. ಕಿರಾಣಿ ಅಂಗಡಿಯ ನಿಂಬೆ ಉಪ್ಪು (ಸಿಟ್ರಿಕ್ ಆ್ಯಸಿಡ್) ಬಿಸಿನೀರಿನಲ್ಲಿ ಕರಗಿಸಿ ರಾತ್ರಿ ಸುರಿದು ಬೆಳಿಗ್ಗೆ ತಿಕ್ಕಿದರೆ ಸಾಕು.

ಒನ್‌ಪೀಸ್, ಟೂಪೀಸ್, ಗೋಡೆಗೆ ತೂಗುವುದು

ಟೂಪೀಸ್ ಅಂದರೆ ಕಮೋಡ್ ಬೇರೆ, ಟ್ಯಾಂಕ್ ಬೇರೆ. ಅಗ್ಗ, ಮಾಳಿಗೆ ಮೆಟ್ಟಿಲು ಹತ್ತಿಸೋಕೆ ಹಗುರ, ಒಂದು ಒಡೆದರೆ ಅದನ್ನಷ್ಟೇ ಬದಲಿಸಬಹುದು. ಎರಡರ ನಡುವಿನ ವಾಶರ್ ಹಳತಾದಾಗ ನೀರು ಜಿನುಗುವುದುಂಟು. ಒನ್‌ಪೀಸ್‌ನಲ್ಲಿ ಆ ಸಂದಿಯೇ ಇಲ್ಲ, ಒರೆಸೋಕೆ ಸಲೀಸು. ತೂಕ, ಬೆಲೆ ಎರಡೂ ಜಾಸ್ತಿ.

ಗೋಡೆಗೆ ತೂಗುವುದು ನೋಡೋಕೆ ಬಹಳ ಚೆಂದ. ಕೆಳಗೆ ನೆಲ ಖಾಲಿ, ಪೊರಕೆ ಸರಾಗ ಆಡುತ್ತದೆ. ನಮಗೆ ಬೇಕಾದ ಎತ್ತರಕ್ಕೆ ಕೂರಿಸಬಹುದು, ಹಿರಿಯರಿದ್ದ ಮನೆಗೆ ಅದು ದೊಡ್ಡ ಅನುಕೂಲ. ‘ದಪ್ಪ ಇರೋರು ಕೂತರೆ ಬೀಳುತ್ತದಾ?’ ಅಂತ ಭಯಪಡೋರಿಗೆ: ಇಂಥ ಕಮೋಡುಗಳಿಗೆ 400 ಕೆಜಿ ಭಾರದ ಪರೀಕ್ಷೆ ಇರುತ್ತದೆ. ಕಮೋಡ್ ತಡೆಯುತ್ತದೆ, ಗೋಡೆ ತಡೆಯಬೇಕಲ್ಲ? ಕಲ್ಲು ಮಣ್ಣಿನ ಹಳೇ ಗೋಡೆಗೆ, ನಾಲ್ಕು ಇಂಚಿನ ಸಿಮೆಂಟ್ ಬ್ಲಾಕ್ ಗೋಡೆಗೆ ಬರೀ ಬೋಲ್ಟ್ ನಂಬಬಾರದು. ನೆಲಕ್ಕೆ ಭಾರ ಕೊಡುವ ಕಬ್ಬಿಣದ ಫ್ರೇಮ್ ಬೇಕು. ಫ್ರೇಮ್, ಗೋಡೆಯೊಳಗಿನ ಟ್ಯಾಂಕ್ ಸೇರಿದರೆ ಎಷ್ಟೋ ಸಲ ಕಮೋಡಿಗಿಂತ ಅವಕ್ಕೇ ಜಾಸ್ತಿ ದುಡ್ಡು.

ನನಗೆ ಹೆಚ್ಚು ಕಾಡುವುದು ರಿಪೇರಿ. ಗೋಡೆಯೊಳಗಿನ ಟ್ಯಾಂಕಿನ ಭಾಗಗಳನ್ನು ಬಟನ್ ಪ್ಲೇಟ್ ತೆಗೆದು ಆ ಕಿಂಡಿಯಿಂದಲೇ ಬಿಚ್ಚಬೇಕು. ಆ ಕೆಲಸ ಕಲಿತ ಪ್ಲಂಬರ್ ಬೇಕು. ಗಾರು ಕಟ್ಟುವ ನೀರಿಗೆ ಆ ಕಿಂಡಿ ಪದೇ ಪದೇ ತೆರೆಯಬೇಕಾಗುತ್ತದೆ. ಹೊಳೆ ನೀರು, ಹೊಸ ಮನೆ, ಗಟ್ಟಿ ಗೋಡೆ, ಹತ್ತಿರದಲ್ಲಿ ಗೊತ್ತಿರೋ ಪ್ಲಂಬರ್ ಇದ್ದರೆ ಹಾಕಿಸಿ. ಇಲ್ಲದಿದ್ದರೆ ನೆಲಕ್ಕೆ ಕೂರುವ ಟೂಪೀಸ್ ಅಥವಾ ಒನ್‌ಪೀಸ್ ಸಾಕು. ಎಲ್ಲ ಕೂಡಿಸಿ ನೋಡಿದರೆ ಈ ಕಡೆಯ ಹೆಚ್ಚಿನ ಮನೆಗಳಿಗೆ ನಾನು ಹೇಳೋದು ಬಿಳಿ ಬಣ್ಣದ, ವಾಶ್‌ಡೌನ್, 3/6 ಲೀಟರಿನ ಟೂಪೀಸ್. ಅಂಚಿನಲ್ಲಿ ಮಡಿಕೆ ಇಲ್ಲದ ರಿಮ್‌ಲೆಸ್ ಸಿಕ್ಕರೆ ಇನ್ನೂ ಒಳ್ಳೆಯದು, ಸವಳು ಗಾರು ಅಡಗಿ ಕೂರೋ ಜಾಗವೇ ಇರುವುದಿಲ್ಲ.

ಹಳ್ಳಿ ಮನೆ, ಎರೆ ನೆಲ, ಗುಂಡಿ

ಯುಜಿಡಿ ಇಲ್ಲದ ಕಡೆ ಕಮೋಡಿಗಿಂತ ಮೊದಲು ಗುಂಡಿಯ ಮಾತಾಡಬೇಕು. ಅವಳಿ ಗುಂಡಿಯ ಪಾಯಖಾನೆ ಇದ್ದರೆ ಅದಕ್ಕೆ ತಕ್ಕದ್ದು ಕಡಿದಾದ ಇಳಿಜಾರಿನ ಹಳ್ಳಿ ಪ್ಯಾನ್. ಒಂದೂವರೆ ಎರಡು ಲೀಟರ್ ನೀರಿಗೇ ಸಾಫ್ ಆಗುತ್ತದೆ. ಆ ಗುಂಡಿ ಕೆಲಸ ಮಾಡೋದೇ ನೀರು ಮಣ್ಣಿಗೆ ಇಂಗುವುದರಿಂದ. ರಾಯಚೂರು, ಬಳ್ಳಾರಿ ಕಡೆಯ ಎರೆ ಮಣ್ಣು ಒದ್ದೆಯಾದರೆ ಉಬ್ಬಿ ಬಿಗಿಯಾಗುತ್ತದೆ, ನೀರು ಇಂಗೋದು ಬಹಳ ನಿಧಾನ. ಅಲ್ಲಿ ಫ್ಲಶ್ ಟ್ಯಾಂಕಿನ ವೆಸ್ಟರ್ನ್ ಕೂರಿಸಿ ದಿನಾ ನೂರು ಲೀಟರ್ ಬಿಟ್ಟರೆ ಗುಂಡಿ ತುಂಬಿ ಮೇಲೆ ಬರುತ್ತದೆ. ಕಾಲುವೆ ಬಯಲಿನ ಭತ್ತದ ಊರುಗಳಲ್ಲಿ ನೆಲದ ನೀರು ಮೇಲೆಯೇ ಇರುವುದರಿಂದ ತೊಂದರೆ ಇನ್ನೂ ಹೆಚ್ಚು, ಗುಂಡಿಯ ನೀರು ಕುಡಿಯುವ ನೀರಿಗೆ ಸೇರುವ ಭಯವೂ ಇದೆ. ಬೋರು, ಬಾವಿಯಿಂದ ಗುಂಡಿ 10 ಮೀಟರ್ ಆದರೂ ದೂರ ಇರಲಿ.

ಅಂಥ ಮನೆಯಲ್ಲಿ ಹಿರಿಯರಿಗೆ ವೆಸ್ಟರ್ನ್ ಬೇಕೇ ಬೇಕು ಅಂದರೆ ಎರಡು ದಾರಿ. ಸರಿಯಾದ ಸೆಪ್ಟಿಕ್ ಟ್ಯಾಂಕ್ ಕಟ್ಟಿಸೋದು ಒಂದು. ಫ್ಲಶ್ ಟ್ಯಾಂಕ್ ಜೋಡಿಸದೆ ವಾಶ್‌ಡೌನ್ ಕಮೋಡ್ ಕೂರಿಸಿ ಬಕೆಟ್ ನೀರು ಅಳೆದು ಹಾಕೋದು ಇನ್ನೊಂದು.

ಗುಂಡಿಯಾಗಲಿ ಟ್ಯಾಂಕಾಗಲಿ ತುಂಬಿದಾಗ ಮನುಷ್ಯರನ್ನು ಇಳಿಸಬಾರದು. ಮಲ ಹೊರುವ ಪದ್ಧತಿ ನಿಷೇಧಿಸಿದ 2013ರ ಕಾಯ್ದೆ ಪ್ರಕಾರ ರಕ್ಷಣಾ ಸಲಕರಣೆ ಇಲ್ಲದೆ ಹಾಗೆ ಇಳಿಸೋದು ಅಪರಾಧ, ಒಳಗಿನ ವಿಷಗಾಳಿಗೆ ಕ್ಷಣದಲ್ಲಿ ಜೀವ ಹೋಗುತ್ತದೆ. ಸೆಪ್ಟಿಕ್ ಟ್ಯಾಂಕಿನ ಮುಚ್ಚಳದ ಹತ್ತಿರಕ್ಕೆ ಸಕ್ಕಿಂಗ್ ಯಂತ್ರದ ಗಾಡಿ ಬರುವಷ್ಟು ದಾರಿ ಬಿಟ್ಟೇ ಜಾಗ ಗೊತ್ತುಮಾಡಿ.

ಕೊಳ್ಳುವಾಗ, ಕೂರಿಸುವಾಗ

ಐಎಸ್‌ಐ ಗುರುತು ನೋಡಿ. ಪಿಂಗಾಣಿ ಸಾಮಾನಿನ ಮಾನಕ ಐಎಸ್ 2556. ನಾಣ್ಯದಿಂದ ಮೆಲ್ಲಗೆ ತಟ್ಟಿದರೆ ಠಣ್ ಅನ್ನಬೇಕು, ಬೊದ್ದು ಸದ್ದು ಬಂದರೆ ಒಳಗೆ ಬಿರುಕಿರಬಹುದು. ಸಮತಟ್ಟು ನೆಲದ ಮೇಲಿಟ್ಟು ಅಲ್ಲಾಡಿಸಿ, ಕುಂಟಬಾರದು. ವಾರಂಟಿ ಕೇಳುವಾಗ ಪಿಂಗಾಣಿಗೆ ಎಷ್ಟು, ಫಿಟ್ಟಿಂಗಿಗೆ ಎಷ್ಟು ಅಂತ ಬೇರೆ ಬೇರೆ ಕೇಳಿ, ಬಿಲ್ಲಿನಲ್ಲಿ ಬರೆಸಿ. ಸೀಟ್ ತಾನಾಗಿ ನಿಧಾನಕ್ಕೆ ಇಳಿಯೋದಿದ್ದರೆ ಮಕ್ಕಳ ಬೆರಳಿಗೆ ಕ್ಷೇಮ.

ಕೂರಿಸುವ ದಿನ ನೀವೇ ಎದುರಿಗಿರಿ. ಕಮೋಡಿನ ಇಡೀ ತಳವನ್ನು ಸಿಮೆಂಟಿನಲ್ಲಿ ಹೂಳೋಕೆ ಬಿಡಬೇಡಿ, ಮುಂದೆ ಬಿಚ್ಚಬೇಕಾದಾಗ ಒಡೆಯದೆ ಬರುವುದಿಲ್ಲ. ನೆಲಕ್ಕೆ ಸ್ಕ್ರೂ ಹಾಕಿ, ಅಂಚಿಗೆ ಮಾತ್ರ ಸಿಲಿಕಾನ್ ಅಥವಾ ವೈಟ್ ಸಿಮೆಂಟ್ ಹಚ್ಚಿಸಿ. ಹಿಂಭಾಗದಲ್ಲಿ ಒಂದು ಬೆರಳಿನಷ್ಟು ಬಿಟ್ಟರೆ ಒಳಗೆ ಸೋರಿದಾಗ ನೀರು ಅಲ್ಲಿಂದ ಹೊರಬಂದು ಗೊತ್ತಾಗುತ್ತದೆ. ಟ್ಯಾಂಕಿಗೆ ಹೋಗುವ ಪೈಪಿಗೆ ಬೇರೆಯೇ ಆ್ಯಂಗಲ್ ಕಾಕ್ ಇರಲಿ, ವಾಶರ್ ಬದಲಿಸುವಾಗ ಇಡೀ ಮನೆಯ ನೀರು ಬಂದ್ ಮಾಡಬೇಕಾಗುವುದಿಲ್ಲ. ಒಂದು ದಿನ ಒಣಗಲು ಬಿಟ್ಟು, ಮರುದಿನ ಪ್ಲಂಬರ್ ಎದುರಿಗೇ ಐದಾರು ಸಲ ಫ್ಲಶ್ ಮಾಡಿ, ಕೀಲುಗಳ ಸುತ್ತ ಒಣ ಬಟ್ಟೆ ಆಡಿಸಿ ನೋಡಿ. ಬಟ್ಟೆ ಒಣಗಿದ್ದರೆ ಬಾಕಿ ಹಣ ಕೊಡಿ.